ಬಾಯಿ ಬಿಡದ ಡಿಟೆಕ್ಟರ್

ಕಾರ್ಖಾನೆಯ ಟ್ಯಾಂಕುಗಳಿಗೆ ಇಳಿದು ಕೆಸರು ತೆಗೆಯುವವರು ಎದೆಗೆ ಸಿಕ್ಕಿಸಿಕೊಳ್ಳುವ ಪುಟ್ಟ ಗ್ಯಾಸ್ ಡಿಟೆಕ್ಟರ್‌ಗಳನ್ನು ಸಜ್ಜು ಮಾಡಿಕೊಡುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ಸೊನ್ನೆಯಕ್ಕ. ಒಂದೊಂದು ಡಿಟೆಕ್ಟರನ್ನೂ ಹೊರಗಿನ ಶುದ್ಧ ಗಾಳಿಗೆ ಒಯ್ದು, ಅದು ಸೊನ್ನೆ ತೋರಿಸುವ ತನಕ ಅವಳು ಯಾರ ಕೈಗೂ ಕೊಟ್ಟವಳಲ್ಲ. ಆಮೇಲೆ ಸೆನ್ಸರ್‌ಗೆ ಪರೀಕ್ಷೆಯ ಗ್ಯಾಸ್ ಹಿಡಿದು, ಅಂಕಿ ಹತ್ತಕ್ಕೇರಿದರೆ ಎಚ್ಚರಿಕೆಯ ಕೂಗು, ಹದಿನೈದಕ್ಕೇರಿದರೆ ಬಿಡದ ಕೂಗು ಬರುತ್ತದೆಯೇ ಎಂದು ನೋಡಬೇಕು. ಟ್ಯಾಂಕಿನ ಗ್ಯಾಸು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದರೆ ಮೂಗನ್ನೇ ಮರಗಟ್ಟಿಸುತ್ತದೆ. ಮೂಗು ನಂಬಿ ಇಳಿದವನು ಕೆಟ್ಟ.

ಕೆಲಸಗಾರರು ಡಿಟೆಕ್ಟರ್‌ಗೆ ಇಟ್ಟ ಹೆಸರು ಅತ್ತೆ.

"ಸೊನ್ನೆಯಕ್ಕ, ನಿಮ್ಮ ಅತ್ತೆ ನಿನ್ನೆ ತಲೆ ತಿಂದುಬಿಟ್ಲು. ಹತ್ತನ್ನ ಇಪ್ಪತ್ತು ಮಾಡ್ಕೊಡಿ."

"ಈ ಅತ್ತೆ ಬಾಯಿ ಮುಚ್ಚಿದ್ರೆ ಮನೆ ಉಳಿಯಲ್ಲ, ಹೋಗ್ರಯ್ಯ."

ದೂರು ಹೇಳದವರು ಒಬ್ಬರೇ, ಆ ತಂಡದ ಮೇಸ್ತ್ರಿ, ಅಂದರೆ ಅವಳ ಅಕ್ಕನ ಗಂಡ. "ನಂದು ಚಿನ್ನದಂಥ ಯಂತ್ರ, ಬಾಯೇ ಬಿಡಲ್ಲ," ಎನ್ನುತ್ತಿದ್ದರು. ಕೇಳಿ ಅವಳು ಹಿಗ್ಗುತ್ತಿದ್ದಳು. ಒಂದೇ ಟ್ಯಾಂಕಿನಲ್ಲಿ ಎಲ್ಲರದೂ ಕೂಗುವಾಗ ಭಾವನದು ಮಾತ್ರ ಏಕೆ ಕೂಗುವುದಿಲ್ಲ ಎಂಬ ಯೋಚನೆ ತಲೆಗೆ ಹೊಕ್ಕಮೇಲೆ ಹಿಗ್ಗೆಲ್ಲ ಇಳಿಯಿತು. ಡಿಟೆಕ್ಟರ್ ಬಿಚ್ಚಿ ನೋಡಿದಳು. ಏನೂ ಕೆಟ್ಟಿರಲಿಲ್ಲ.

ಇವತ್ತು ಭಾವನ ಎದೆಗೇ ಅದನ್ನು ಸಿಕ್ಕಿಸಿ ಗ್ಯಾಸ್ ಹಿಡಿದಳು. ಅದು ಕಿರುಚಿದ ರಭಸಕ್ಕೆ ಪಕ್ಕದ ಕೋಣೆಯ ಗುಮಾಸ್ತ ಕಿವಿಗೆ ಬೆರಳಿಟ್ಟುಕೊಂಡು ಬಾಗಿಲಿಗೆ ಬಂದ. ಭಾವ ಮಾತ್ರ ಮೊಮ್ಮಗಳ ಹಲ್ಲು ಬಿದ್ದ ಕಥೆಯನ್ನು ಹೇಳುತ್ತಲೇ ಇದ್ದರು.

ಸೊನ್ನೆಯಕ್ಕನಿಗೆ ಆಗ ಹೊಳೆಯಿತು. ಪಂಪುಗಳ ಗದ್ದಲ ಇಷ್ಟು ವರ್ಷಗಳಲ್ಲಿ ಭಾವನ ಕಿವಿ ತಿಂದಿತ್ತು. ಎದುರಿಗಿದ್ದವರ ತುಟಿ ನೋಡಿ ಅವರು ಹೇಗೋ ನಿಭಾಯಿಸುತ್ತಿದ್ದರು. ಅವಳಿಗೆ ಸೈಕಲ್ ಕಲಿಸಿದವರು, ಬಿದ್ದಾಗೆಲ್ಲ ಅವಳನ್ನು ಬಿಟ್ಟು ಸೈಕಲ್ಲನ್ನೇ ಬೈದವರು. ಅವಳು ಡಿಟೆಕ್ಟರಿನ ಸೆಟ್ಟಿಂಗಿಗೆ ಹೋಗಿ, ಕೂಗಿನ ಜೊತೆ ಬರುವ ನಡುಕವನ್ನು ಪೂರ್ತಿ ಏರಿಸಿದಳು, ಕೆಂಪು ದೀಪವನ್ನು ಪ್ರಖರ ಮಾಡಿದಳು. ಮತ್ತೆ ಗ್ಯಾಸ್ ಹಿಡಿದಳು. ದಪ್ಪ ಉಡುಪಿನ ಮೇಲೆ ಆ ನಡುಕ ಅವರಿಗೆ ತಾಕಲೇ ಇಲ್ಲ. ದೀಪವಂತೂ ಕೆಸರಿಗೆ ಬಗ್ಗಿದವನ ಕಣ್ಣಿಗೆ ಬೀಳುವುದು ಅಷ್ಟರಲ್ಲೇ ಇದೆ. ಏರಿಸಲು ಇನ್ನೇನೂ ಉಳಿದಿರಲಿಲ್ಲ.

ಅವಳು ಅವರ ಮುಖಕ್ಕೆ ಎದುರಾಗಿ ನಿಂತಳು. "ಭಾವ, ಇದು ಈಗ ಕೂಗ್ತಾ ಇದೆ."

"ಸುಮ್ನಿರೇ," ಎಂದು ನಕ್ಕವರು ಬಾಗಿಲ ಕಡೆ ತಿರುಗಿದರು. ಗುಮಾಸ್ತ ಇನ್ನೂ ಕಿವಿಯಿಂದ ಬೆರಳು ತೆಗೆದಿರಲಿಲ್ಲ. ನಗು ಅಲ್ಲೇ ಸತ್ತಿತು.

"ಟ್ಯಾಂಕಿಗೆ ಇಳೀಬೇಡಿ. ಸಾಹೇಬ್ರ ಹತ್ರ ಬೇರೆ ಕೆಲಸ ಕೇಳೋಣ, ನಾನೂ ಬರ್ತೀನಿ."

"ಮೇಸ್ತ್ರಿ ಅಂದ್ರೆ ಮೊದಲು ಇಳಿಯೋನು ಕಣೇ. ಮೇಲೆ ಕೂತ್ರೆ ನಾನ್ಯಾವ ಮೇಸ್ತ್ರಿ?"

ಅವಳ ಬಾಯಿಗೆ ಬಂದದ್ದು ಬೇರೆಯೇ ಮಾತು. "ಅಕ್ಕ ಒಂದೇ ಸಮ ಹೇಳ್ತಾಳೆ, ನಿಮ್ಮ ಭಾವ ನನ್ನ ಮಾತನ್ನ ಕಿವಿಗೇ ಹಾಕ್ಕೊಳಲ್ಲ ಅಂತ. ನಿಮಗೆ ಅವಳು ಬೇಡವಾಗಿದ್ದಾಳೆ ಅಂದ್ಕೊಂಡಿದ್ದಾಳೆ, ಪಾಪ."

ಭಾವ ಎದೆಯಿಂದ ಡಿಟೆಕ್ಟರ್ ತೆಗೆದು ತಾವೇ ಅವಳ ಮೇಜಿನ ಮೇಲಿಟ್ಟರು.

"ಅಡುಗೆಮನೆಯಿಂದ ದನಿಯೇ ಬರ್ತಿರ್ಲಿಲ್ಲ," ಎಂದರು. "ಯಾವುದಕ್ಕೋ ಮುನಿಸಿಕೊಂಡು ಮಾತು ಬಿಟ್ಟಿದ್ದಾಳೆ ಅಂತ ನಾನೂ ಸುಮ್ಮನಿದ್ದೆ. ಅಂದ್ರೆ, ಅವಳು ಮಾತಾಡ್ತಾನೇ ಇದ್ಳಾ?"

ಸೊನ್ನೆಯಕ್ಕ ತುಟಿ ಕಾಣುವ ಹಾಗೆ ಬೆಳಕಿಗೆ ತಿರುಗಿ, "ಹೂಂ ಭಾವ, ದಿನಾ," ಎಂದಳು.