ಎದುರು ಬಂದ ನರ್ಸಬಾಯಿ

೧೯೪೩ರ ಬೇಸಿಗೆಯಲ್ಲಿ ನನಗೆ ಹಿರೇಕೆರೂರಿನಿಂದ ಶಿಗ್ಗಾಂವದ ದವಾಖಾನೆಗೆ ವರ್ಗವಾಯಿತು. ನನ್ನ ಹುದ್ದೆ ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ. ಜನ ನರ್ಸಬಾಯಿ ಎನ್ನುತ್ತಿದ್ದರು. ಸುತ್ತಲಿನ ಹಳ್ಳಿಗಳಿಗೆಲ್ಲ ನಾನೊಬ್ಬಳೇ. ಆಗ ನನಗೆ ಇಪ್ಪತ್ತಾರು ವರ್ಷ. ಗಂಡ ತೀರಿಕೊಂಡಿದ್ದರಿಂದಲೇ ಅಪ್ಪ ನನ್ನನ್ನು ಈ ವಿದ್ಯೆ ಕಲಿಯಲು ಕಳಿಸಿದ್ದ. ವಿದ್ಯೆ ಅನ್ನ ಕೊಟ್ಟಿತು, ಸುಳ್ಳಲ್ಲ. ಆದರೆ ಬೀದಿಗಿಳಿದರೆ ವಿದ್ಯೆ ಯಾರಿಗೆ ಕಾಣುತ್ತದೆ? ಬಿಳಿ ಸೀರೆ, ಬರಿಹಣೆ, ಬರಿಗೈ ಇಷ್ಟೇ ಕಾಣುವುದು.

ನಮ್ಮ ಕಡೆ ಹೊರಟವರಿಗೆ ವಿಧವೆ ಎದುರಾದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಅದಕ್ಕೊಂದು ಪರಿಹಾರವೂ ಇತ್ತು: ಮನೆಗೆ ಹಿಂದಿರುಗಿ, ಕಾಲು ತೊಳೆದು, ಒಂದು ತಂಬಿಗೆ ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮತ್ತೆ ಹೊರಡುವುದು. ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಸುಮ್ಮನೆ ಹಿಂದಿರುಗುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸುಮ್ಮನೆ ಹೊರಳಿದ ಬೆನ್ನಿಗೆ ಏನು ಹೇಳುವುದು? ಹಾಗಾಗಿ ಯಾರಾದರೂ ಎದುರು ಬಂದರೆ ಓಣಿಯ ಬದಿಗೆ ಸರಿದು ಗೋಡೆಗೆ ಮುಖ ಮಾಡಿ ನಿಲ್ಲುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಶಿಗ್ಗಾಂವಕ್ಕೆ ಬಂದು ತಿಂಗಳೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಹಿರೇಬೆಂಡಿಗೇರಿಯ ಆಚೆ ಒಬ್ಬ ಬಾಣಂತಿಯನ್ನು ನೋಡಿಬರಲು ಬಾಡಿಗೆ ಚಕ್ಕಡಿಯಲ್ಲಿ ಹೊರಟೆ. ಬೇಸಿಗೆಗೆ ಗಾಲಿಯ ಕಟ್ಟಿಗೆ ಒಣಗಿ ಸೊರಗುತ್ತದೆ, ಅದರ ಸುತ್ತ ಬಿಗಿದ ಕಬ್ಬಿಣದ ಹಳಿ ಸಡಿಲಾಗುತ್ತದೆ. ನಮ್ಮ ಚಕ್ಕಡಿಯ ಹಳಿ ನಡುದಾರಿಯಲ್ಲೇ ಕಳಚಿ ಉರುಳಿತು. ಚಕ್ಕಡಿಯವನು ಅದನ್ನು ಬಡಿದು ಕೂರಿಸಲು ಕಲ್ಲು ಹುಡುಕತೊಡಗಿದ. ಹಿರೇಬೆಂಡಿಗೇರಿ ಹತ್ತಿರವೇ ಇತ್ತು. ನಾನು ಚೀಲ ಹಿಡಿದು ನಡೆದೇ ಹೊರಟೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಊರ ಕಡೆಯಿಂದ ಒಂದು ಖಾಲಿ ಚಕ್ಕಡಿ ಜೋರಾಗಿ ಬಂತು. ಬಯಲು ದಾರಿ, ಮುಖ ಮಾಡಿ ನಿಲ್ಲಲು ಒಂದು ಗೋಡೆಯೂ ಇರಲಿಲ್ಲ. ಎತ್ತು ಹೊಡೆಯುತ್ತಿದ್ದವನು ನನ್ನನ್ನು ನೋಡಿದ, ಹಗ್ಗ ಜಗ್ಗಿದ, ಚಕ್ಕಡಿ ನಿಂತಿತು. ಆಮೇಲೆ ಅವನು ಚಕ್ಕಡಿ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋದ. ಕಿವಿಯವರೆಗೆ ಬಿಸಿ ಏರಿತು. ಅವನು ಎಲ್ಲಿಗೆ ಹೊರಟಿದ್ದ, ಏನು ಅವಸರವಿತ್ತು ಎಂದು ಕೇಳುವಷ್ಟೂ ಬಾಯಿ ಬರಲಿಲ್ಲ.

ಹೇಗೂ ಅವನು ಮತ್ತೆ ಹೊರಟು ಬರುತ್ತಾನೆ, ಎರಡನೇ ಸಲವೂ ಕಣ್ಣಿಗೆ ಬೀಳುವುದು ಬೇಡವೆಂದು ದಾರಿ ಬದಿಯ ಹುಣಸೆಮರದ ಹಿಂದೆ ಹೋಗಿ ಕುಳಿತೆ. ಸಂಬಳ ತೆಗೆದುಕೊಳ್ಳುವ ನರ್ಸಬಾಯಿ, ಕಳ್ಳಿಯ ಹಾಗೆ!

ಚಕ್ಕಡಿ ಮತ್ತೆ ಬಂತು. ಈ ಸಲ ಖಾಲಿ ಇರಲಿಲ್ಲ. ಒಳಗಿಂದ ನರಳುವ ದನಿ ಕೇಳಿತು. ಆ ದನಿ ನನ್ನ ಕಸುಬಿನವರಿಗೆ ತಪ್ಪುವುದಿಲ್ಲ. ಅದು ತಿಣುಕುವ ಹೆಂಗಸಿನ ದನಿ. ನನಗರಿವಿಲ್ಲದೆಯೇ ಎದ್ದು ದಾರಿಯ ನಡುವೆ ನಿಂತಿದ್ದೆ.

"ಚಕ್ಕಡಿ ನಿಲ್ಲಸ್ರಿ. ನಾ ಶಿಗ್ಗಾಂವದ ನರ್ಸಬಾಯಿ ಅದೇನಿ."

ಎತ್ತು ಹೊಡೆಯುತ್ತಿದ್ದವನು ಕಲ್ಲಪ್ಪ, ಹೆಂಗಸಿನ ಗಂಡ. ಅವನು ನನ್ನನ್ನು ಗುರುತಿಸಿ ಹಗ್ಗ ಹಿಡಿದೇ ಕುಳಿತ. ಒಳಗೆ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅವನ ತಾಯಿ ಗಂಗವ್ವ ಕೂಗಿದಳು: "ಕುಂತ ಏನ ನೋಡ್ತಿಯೋ, ಮೊದಲ ಎತ್ತಿನ ಕೊಳ್ಳ ಹರಿ."

ಅವನು ಇಳಿದು ಎತ್ತು ಬಿಚ್ಚಿದ. ನೊಗದ ಕೆಳಗೆ ಆಸರೆ ಕೊಟ್ಟು, ಗಾಲಿಗೆ ಕಲ್ಲು ಇಟ್ಟ. ಸೊಸೆ ನೀಲವ್ವನಿಗೆ ಚೊಚ್ಚಲು. ಕೂಸಿನ ಕಾಲು ಮುಂದಾಗಿತ್ತು. ಇದಕ್ಕೆ ಬ್ರೀಚ್ ಎನ್ನುತ್ತಾರೆ, ತಲೆಯ ಬದಲು ಕೆಳಭಾಗ ಮೊದಲು ಬರುವ ಹೆರಿಗೆ. ಊರ ಸೂಲಗಿತ್ತಿ ಪಾದ ಕಂಡ ಕೂಡಲೇ, ತನ್ನಿಂದಾಗದು, ಶಿಗ್ಗಾಂವದ ನರ್ಸಬಾಯಿಯನ್ನು ಕರೆತನ್ನಿ ಎಂದಿದ್ದಳಂತೆ. ಕಲ್ಲಪ್ಪ ಮೊದಲ ಸಲ ಹೊರಟದ್ದು ನನ್ನನ್ನು ಕರೆಯಲಿಕ್ಕೇ! ದಾರಿಯಿಂದ ಹಿಂದಿರುಗಿ, ಕಾಲು ತೊಳೆದು ಕುಳಿತಿದ್ದಾಗ ನೋವು ಜೋರಾಗಿ, ಇನ್ನು ತಡೆಯಲಾಗದೆಂದು ನೀಲವ್ವನನ್ನೇ ಹೊತ್ತು ತಂದಿದ್ದರು.

ಬ್ರೀಚ್ ಹೆರಿಗೆಯಲ್ಲಿ ಎಳೆದರೆ ಕೂಸು ಹೋಗುತ್ತದೆ. ನಮಗೆ ಕಲಿಸಿದ್ದು ಹೀಗೆ: ತಾಯಿಯನ್ನು ಮಂಚದ ಅಂಚಿಗೆ ಸರಿಸಿ, ಕೂಸಿನ ಮೈ ತನ್ನ ಭಾರಕ್ಕೆ ತಾನೇ ಇಳಿಬೀಳಲು ಬಿಡಬೇಕು, ಕೊನೆಗೆ ತಲೆಯನ್ನು ನಿಧಾನವಾಗಿ ಬಿಡಿಸಿಕೊಳ್ಳಬೇಕು. ಹಳ್ಳಿಯ ಮನೆಯ ನೆಲದ ಮೇಲೆ ಅಂಥ ಅಂಚು ಎಲ್ಲಿಯದು? ಚಕ್ಕಡಿಗೆ ಇತ್ತು. ಚೀಲದಲ್ಲಿದ್ದ ಕ್ರಿಮಿನಾಶಕ ಲೈಸಾಲ್ ಕೈಗೆ ಹಚ್ಚಿ ತೊಳೆದುಕೊಂಡು, ನೀಲವ್ವನನ್ನು ಚಕ್ಕಡಿಯ ಹಿಂದಿನ ಅಂಚಿಗೆ ಸರಿಸಿದೆ. ಗಂಗವ್ವ ಅವಳ ಬೆನ್ನು ಹಿಡಿದಳು. ಸೊಂಟ ಬಂತು, ಭುಜ ಬಂತು, ತಲೆ ಸಿಕ್ಕಿಕೊಂಡಿತು. ಹೊಕ್ಕುಳಬಳ್ಳಿ ಒತ್ತಿಕೊಂಡಿರುವಷ್ಟು ಹೊತ್ತು ಕೂಸಿಗೆ ಉಸಿರಿಲ್ಲ. ಆ ಹೊತ್ತಿನ ಭಯವನ್ನು ಈಗಲೂ ಹೇಳಲಾರೆ. ತಲೆ ಬಂದಾಗ ಕೂಸು ನೀಲಿಯಾಗಿ ಜೋತಿತ್ತು. ಬಾಯಿಯ ಲೋಳೆ ಒರೆಸಿ, ಉಸಿರು ಊದಿ, ಬೆನ್ನು ತಿಕ್ಕಿದೆ. ಸಾಕಷ್ಟು ಸತಾಯಿಸಿದ ಮೇಲೆ ಅತ್ತಿತು. ಹೆಣ್ಣು ಕೂಸು.

ಕಲ್ಲಪ್ಪ ಎತ್ತುಗಳ ಮರೆಯಲ್ಲಿ ನಿಂತಿದ್ದ. ಕೂಸನ್ನು ತೋರಿಸಲು ಕರೆದರೆ ಬಂದ, ನೆಲ ನೋಡುತ್ತಲೇ ಹೇಳಿದ: "ನಿಮ್ಮನ್ನ ನೋಡೇ ಹೊಳ್ಳಿ ಹೋಗಿದ್ನಿ, ಬಾಯಾರ."

"ಗೊತ್ತೈತಿ" ಎಂದೆ. ನಾನು ಮರದ ಹಿಂದೆ ಅಡಗಿದ್ದು ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ಮುಖ ಎತ್ತದೆ ನಿಂತೆವು. ಅವನದು ಒಂದು ನಾಚಿಕೆ, ನನ್ನದು ಇನ್ನೊಂದು.

ಗಂಗವ್ವನಿಗೆ ಮಾತ್ರ ಯಾವ ನಾಚಿಕೆಯೂ ಇರಲಿಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನ ಚಕ್ಕಡಿಯ ಕತೆ ಕೇಳಿ ಸಂತೋಷದಿಂದ ನಗುತ್ತಿದ್ದಳು. "ಹೊಳ್ಳಿದ್ದು ಚಲೋನ ಆತು ಬಿಡು. ಸೀದಾ ಹೋಗಿದ್ದಿ ಅಂದ್ರ ಶಿಗ್ಗಾಂವದಾಗ ನರ್ಸಬಾಯಿ ಇಲ್ಲಂತ ಕುಂತಿರ್ತಿದ್ದಿ. ಇವ್ರ ಗಾಲಿ ಹಳಿ ಬೀಳೂದಂದ್ರೇನು, ನೀ ಹೊಳ್ಳಿ ಬರೂದಂದ್ರೇನು! ಶಿವ ಎಲ್ಲಾ ಕೂಡಿಸಿ ಇಟ್ಟಾನ."

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾನು ಅಪಶಕುನವಾದದ್ದರಿಂದಲೇ ಒಂದು ಜೀವ ಉಳಿಯಿತು ಎಂದರೆ ಖುಷಿಪಡಬೇಕೋ ಅಳಬೇಕೋ ತಿಳಿಯದೆ ನಾನು ಸೀರೆಯ ರಕ್ತ ತೊಳೆಯುತ್ತ ಕುಳಿತೆ.

ಆಮೇಲೆ ಹಾನಗಲ್ಲ, ಸವಣೂರು ಎಲ್ಲ ಕಡೆ ಕೆಲಸ ಮಾಡಿದೆ. ಯಾರು ಯಾವಾಗ ಯಾರಿಗೆ ಎದುರಾಗುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಎದುರಾದ ಮೇಲೆ ಬಾಯಿಬಿಟ್ಟು ಒಂದು ಮಾತು ಕೇಳುವುದು ನಮ್ಮ ಕೈಯಲ್ಲಿದೆ. ಅಂದು ಆ ಖಾಲಿ ಚಕ್ಕಡಿಯವನನ್ನು ಕೇಳಿದ್ದರೆ ನೀಲವ್ವ ಅಷ್ಟು ನೋವು ತಿನ್ನುವುದು ತಪ್ಪುತ್ತಿತ್ತು. ನೌಕರಿ ನನಗೆ ಕಲಿಸಿದ ಪಾಠ ಇದು. ನಾಚಿಕೆ ಅದರ ಫೀ.

ಕೂಸು ಹುಟ್ಟಿದ ಆ ವರ್ಷವೇ ಮಳೆಗಾಲಕ್ಕೆ ಮುಂಚೆ ಕಲ್ಲಪ್ಪ ಶಿಗ್ಗಾಂವದ ದವಾಖಾನೆಯ ಮುಂದೆ ಚಕ್ಕಡಿ ನಿಲ್ಲಿಸಿದ. ಹೊಸ ಎತ್ತು ಕೊಳ್ಳಲು ಹಾನಗಲ್ಲ ಸಂತೆಗೆ ಹೊರಟಿದ್ದನಂತೆ. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡು ಹೇಳಿದ: "ಒಂದೀಟು ಎದುರು ಬರ್ರಿ, ಬಾಯಾರ. ಅವ್ವ ಹೇಳಿ ಕಳಿಸ್ಯಾಳ."

ಬಜಾರಿನ ಜನ ನೋಡುತ್ತಿದ್ದರು. ಮುಖವೆಲ್ಲ ಬಿಸಿಯಾಯಿತು. ಮೂಲೆಯವರೆಗೆ ಹೋಗಿ, ತಿರುಗಿ, ರಸ್ತೆಯ ನಟ್ಟನಡುವೆ ಅವನ ಚಕ್ಕಡಿಗೆ ಎದುರಾಗಿ ನಡೆದು ಬಂದೆ.