ನರಹರಿರಾಯರು ಬಾಲವಾಡಿಗೆ ಹೋದದ್ದು

ಗಂಡ ನರಹರಿರಾಯರು ತೀರಿಹೋದ ಮೇಲೆ ಹೊತ್ತುಹೊತ್ತಿಗೆ ಚಹಾ ಕಾಸುವ ಕೆಲಸ ತಪ್ಪಿತು ಎಂದುಕೊಂಡಿದ್ದಳು ವಿಮಲಾಬಾಯಿ. ತಪ್ಪಲಿಲ್ಲ. ನಾಲ್ಕು ತುಂಬುತ್ತಿದ್ದ ಮೊಮ್ಮಗಳು ನೀಲಾ ಅಜ್ಜನ ಕುರ್ಚಿ ಹಿಡಿದಳು. ಅವರ ಹಾಗೆಯೇ ಕೆಮ್ಮಿ, ಮೊಣಕಾಲು ನೀವಿಕೊಂಡು, "ಏ, ಚಾ ತಾ" ಎನ್ನುವಳು. ವಿಮಲಾಬಾಯಿ ಬಸಿಯಲ್ಲಿ ಹಾಲು ತಂದು "ತಗೋರಿ" ಎನ್ನುವಳು. "ಬಿಸೀನ ಇಲ್ಲ" ಎಂದು ಬೈಸಿಕೊಳ್ಳುವಳು. ಬೈಸಿಕೊಂಡ ದಿನ ಅವಳಿಗೆ ಊಟ ಸೇರುತ್ತಿತ್ತು.

ಸೊಸೆ ಚಾರುಲತಾಗೆ ಇದು ಹಿಡಿಸದು.

"ಅತ್ತಿ, ಕೂಸಿಗೆ ರೀ ಹಚ್ಚಿ ಮಾತಾಡ್ತೀರಲ್ಲ! ಬಾಲವಾಡಿಯೊಳಗ ಹಿಂಗ ಮಾಡಿದ್ರ ಯಾರು ತಗೋತಾರ? ಸೀಟು ತಪ್ಪಿದ್ರ ಸೊಲ್ಲಾಪುರಕ್ಕ ನಮ್ಮವ್ವನ ಕಡೆ ಕಳಸ್ತೀನಿ. ಅಲ್ಲೆ ಈ ಹುಚ್ಚು ಬಿಡ್ತದ."

ಅದು ತೊಂಬತ್ತೆಂಟನೇ ಇಸವಿ. ಮನೀಶ್ ನಗರದ ಆ ಹಿಂದಿ ಬಾಲವಾಡಿಯಲ್ಲಿ ಮಗುವನ್ನು ನೋಡಿಯೇ ಸೇರಿಸಿಕೊಳ್ಳುತ್ತಿದ್ದರು. ಹೆಸರು ಹೇಳಬೇಕು, ಬಣ್ಣ ಗುರುತಿಸಬೇಕು, ಒಂಟಿ ಕಾಲಿನಲ್ಲಿ ಕುಪ್ಪಳಿಸಬೇಕು. ನೀಲಾಗೆ ಎಲ್ಲ ಬರುತ್ತಿತ್ತು. ಕುಪ್ಪಳಿಸಿ ಕುಪ್ಪಳಿಸಿ ಕೆಳಗಿನ ಮನೆಯವರನ್ನು ಜಗಳಕ್ಕೆ ಮೇಲೆ ಹತ್ತಿಸಿದ್ದಳು.

ಮೂವರೂ ಹೋದ ದಿನ ಅಲ್ಲಿ, ಅಜ್ಜನದರ ಹಾಗೆಯೇ, ಕೈ ಇದ್ದ ಕುರ್ಚಿ ಇತ್ತು. ಅದೇ ಎಡವಟ್ಟಾಯಿತು.

"ಬೇಟಾ, ನಾಮ್ ಕ್ಯಾ ಹೈ?" ಎಂದರು ಟೀಚರ್.

ನೀಲಾ ಏರಿ ಕೂತು ಕೆಮ್ಮಿದಳು. "ನರಹರಿರಾವ್. ರೇಲ್ವೆ. ರಿಟೈರ್."

ಟೀಚರ್ ಕೆಂಪು ಚೆಂಡು ತೋರಿಸಿ ಬಣ್ಣ ಕೇಳಿದರು.

"ಚಷ್ಮಾ ಎಲ್ಲದ?"

ಕುಪ್ಪಳಿಸು ಎಂದರು.

"ಮೊಣಕಾಲು ಹಿಡದಾವ."

"ನೀಲಾ, ಇಳಿ ಕೆಳಗ!" ಚಾರುಲತಾ ಹಲ್ಲು ಕಚ್ಚಿದಳು.

"ನೀಲಾ ಊರಾಗ ಇಲ್ಲ."

ಚಾರುಲತಾ ನಾಚಿಕೊಂಡೇ ಎಲ್ಲವನ್ನೂ ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಟೀಚರ್ ನಕ್ಕರು. ಇನ್ನೊಬ್ಬರ ಹಾಗೆ ಆಡುವುದು ಈ ವಯಸ್ಸಿಗೆ ಬರಬೇಕಾದದ್ದೇ, ಚೆನ್ನಾಗಿಯೇ ಬಂದಿದೆ, ಆದರೆ ಕುಪ್ಪಳಿಸುವುದನ್ನು ನೋಡದೆ ಹೇಗೆ ಸೇರಿಸಿಕೊಳ್ಳಲಿ ಎಂದರು.

ವಿಮಲಾಬಾಯಿಯ ಕಣ್ಣ ಮುಂದೆ ಸೊಲ್ಲಾಪುರದ ಗಾಡಿ ನಿಂತಿತು. ಎದ್ದಳು. ಸೆರಗು ಹೊದ್ದುಕೊಂಡು ಕುರ್ಚಿಯ ಮುಂದೆ ಬಂದಳು.

"ಏನ್ರೀ, ಕೇಳ್ರಿಲ್ಲೆ. ಆ ಮೊಣಕಾಲ ನೋವು ಈಗ ಇಲ್ಲ ನಿಮಗ. ಹೋತದು. ಒಂದೀಟು ಜಿಗದು ತೋರಸ್ರಿ, ಮನಿಗೆ ಹೋಗಿ ಚಾ ಕೊಡ್ತೀನಿ."

"ಬಿಸೀದು?"

"ಸುಡುಸುಡು."

ನರಹರಿರಾಯರು ಕುರ್ಚಿ ಇಳಿದರು. ಒಂದು ಕಾಲೆತ್ತಿ ಕೋಣೆಯ ತುಂಬ ಕುಪ್ಪಳಿಸಿದರು. ಕಡೆಯ ವರ್ಷ ಅವರು ಹೆಂಡತಿಯ ಹೆಗಲಿಲ್ಲದೆ ಬಚ್ಚಲಿಗೂ ಹೋಗಿರಲಿಲ್ಲ. ಈಗ ಬಾಗಿಲನ್ನೂ ದಾಟಿದರು.

"ಸಾಕ್ರೀ, ಬಿದ್ದೀರಿ!" ಎಂದು ವಿಮಲಾಬಾಯಿ ಹಿಂದೆಯೇ ಓಡಿದಳು.

ಅಂಗಳದ ಜೋಕಾಲಿಯಿಂದ ಕೂಗು ಬಂತು. "ಅಜ್ಜೀ, ಜಲ್ದಿ ಬಾ! ತೂಗು!" ಅದರಲ್ಲಿ ಕೆಮ್ಮು ಇರಲಿಲ್ಲ.

ಸೀಟು ಸಿಕ್ಕಿತು. ನೀಲಾ ದಾರಿಯಲ್ಲೇ ನಿದ್ದೆಹೋದಳು. ಮಾತು ಕೊಟ್ಟದ್ದಕ್ಕೆ ವಿಮಲಾಬಾಯಿ ಚಹಾ ಕಾಸಿ, ಸೋಸಿ, ಹಿಡಿದುಕೊಂಡು ನಿಂತಳು. ಕುರ್ಚಿ ಖಾಲಿ. ಎಷ್ಟೋ ಹೊತ್ತು ನಿಂತಳು.

ಚಾರುಲತಾ ಬಂದು ಆ ಕುರ್ಚಿಯಲ್ಲಿ ಕೂತು, ಬಸಿ ಇಸಿದುಕೊಂಡು ಒಂದು ಗುಟುಕು ಕುಡಿದಳು.

"ಬಿಸೀನ ಇಲ್ಲಲ್ರೀ ಅತ್ತಿ" ಎಂದಳು.