ಸಾವಾದ ಮನೆಗೆ ಹೋಗುವವರಿಗೆ ವೈಶಾಲಿ ಬರೆಯುವ ಮೇಲ್

ಜಮಖಂಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಮನೆಗಳಿಗೆ ಆಮ್ಲಜನಕದ ಯಂತ್ರ ಬಾಡಿಗೆ ಕೊಡುವ ಪುಟ್ಟ ಕಂಪನಿಯ ಶಟರ್ ಎತ್ತಿ ವೈಶಾಲಿ ಒಳಗೆ ಬರುತ್ತಾರೆ. ಮೆಕ್ಯಾನಿಕ್‌ಗಳು ಗಾಡಿ ಹತ್ತುವ ಮೊದಲು ಅಂದಿನ ಕೆಲಸದ ಮೇಲ್ ತಾನಾಗಿಯೇ ಅವರ ಮೊಬೈಲಿಗೆ ಹೋಗುತ್ತದೆ. ಅದರಲ್ಲಿ ಯಾವ ಮಾತು ಇರಬೇಕೆಂದು ತೀರ್ಮಾನಿಸಿ ಕಂಪ್ಯೂಟರಿನಲ್ಲಿ ಕೂರಿಸುವವರು ವೈಶಾಲಿ.

ಈ ಕಂಪನಿಯನ್ನು ಅವರು ಮೊದಲು ಕಂಡದ್ದು ಗ್ರಾಹಕರಾಗಿ. ಗಂಡ ಸಂಜಯ ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ಶ್ವಾಸಕೋಶ ಕೆಟ್ಟು, ಕೊನೆಯ ಮಳೆಗಾಲವನ್ನು ಯಂತ್ರದ ನಳಿಗೆಗೆ ಮೂಗೊಡ್ಡಿ ಕಳೆದರು. ಅವರನ್ನು ಮಣ್ಣು ಮಾಡಿ ಬಂದ ಮರುದಿನವೇ ಮೆಕ್ಯಾನಿಕ್ ಲಗಮಣ್ಣ ಬಾಗಿಲಲ್ಲಿ ನಿಂತಿದ್ದ: "ಪೇಶಂಟ್ ಎಲ್ಲಿ ಅದಾರ್ರಿ? ಫಿಲ್ಟರ್ ಬದಲಿ ಮಾಡ್ಬೇಕ್ರಿ."

ಸಾವಿನ ಸುದ್ದಿ ಕಚೇರಿಗೆ ಮುಟ್ಟಿತ್ತು. ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ.

"ಆಂವಂದೇನ್ ತಪ್ಪ್ರಿ? ಮೊಬೈಲ್‌ನ್ಯಾಗ ಬಂದಿದ್ದು ಕೇಳಿದ. ನಾ ಒಳಗ ಕರದು ಖಾಲಿ ಹಾಸಿಗಿ ತೋರಿಸಿದ್ನಿ," ಎನ್ನುತ್ತಾರೆ ವೈಶಾಲಿ.

ಮುಂದೆ ಅದೇ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಅವರು ಮೊದಲು ಕೈ ಹಾಕಿದ್ದು ಈ ಮೇಲ್‌ಗಳಿಗೆ. ಈಗ ರೋಗಿ ತೀರಿಕೊಂಡರೆಂದು ಕಂಪ್ಯೂಟರಿನಲ್ಲಿ ಗುರುತು ಹಾಕಿದೊಡನೆ ಫಿಲ್ಟರಿನ ಕೆಲಸ ನಿಲ್ಲುತ್ತದೆ, ಬೇರೆಯೇ ಮೇಲ್ ಹೋಗುತ್ತದೆ. ಅದರಲ್ಲಿದ್ದ 'ಯಂತ್ರ ವಾಪಸಾತಿ ಬಾಕಿ' ಎಂಬ ಸಾಲು ಅಳಿಸಿ ಅವರು ಬರೆದರು: 'ಈ ಮನೆಯಲ್ಲಿ ಸಾವಾಗಿದೆ. ಮೊದಲು ಕುಳಿತು ಮಾತಾಡಿಸಿ. ಯಂತ್ರವನ್ನು ಅವರೇ ಕೊಟ್ಟರೆ ತನ್ನಿ.'

ಮ್ಯಾನೇಜರ್ ಮಲ್ಲಿನಾಥ ಗೊಣಗುತ್ತಾರೆ: "ಮಷೀನ್ ಅಲ್ಲೇ ಬಿದ್ದಿದ್ರ ಇನ್ನೊಬ್ಬರಿಗೆ ಏನ್ ಕೊಡೂದ್ರಿ?" ಅದೂ ಖರೆ. ಇವತ್ತೇ ನೋಡಿ, ಲೋಕಾಪುರದ ಒಬ್ಬ ಹೆಂಗಸು ಉಸಿರಿಗೆ ಒದ್ದಾಡುತ್ತ ಯಂತ್ರಕ್ಕೆ ಕಾಯುತ್ತಿದ್ದಾಳೆ. ಬಿಡುವಾಗಿರುವುದು ಒಂದೇ. ಅದು ಚಿಮ್ಮಡದಲ್ಲಿ, ಮೊನ್ನೆ ತೀರಿಕೊಂಡ ಕುರಿಗಾರ ಕಾಮಣ್ಣನ ಮನೆಯಲ್ಲಿದೆ. ಚಿಮ್ಮಡಕ್ಕೆ ಹೊರಟ ಲಗಮಣ್ಣನಿಗೆ ಹೋಗಬೇಕಾದ ಮೇಲನ್ನು ವೈಶಾಲಿ ತೆರೆದು ಓದುತ್ತಾರೆ. ಮೇಲ್ ಬದಲಿಸುವುದಿಲ್ಲ.

ಬಿಸಿಲೇರಿದ ಮೇಲೆ ಲಗಮಣ್ಣನ ಫೋನ್ ಬರುತ್ತದೆ. ಕಾಮಣ್ಣನ ಹೆಂಡತಿ ತಂಗೆವ್ವ ಗಂಡ ತೀರಿಕೊಂಡ ಮೇಲೂ ಯಂತ್ರವನ್ನು ಬಂದ್ ಮಾಡಿಯೇ ಇರಲಿಲ್ಲವಂತೆ. "ಇದರ ಸಪ್ಪಳ ನಿಂತ್ರ ಮನಿ ಭಣಭಣ ಅಂತೈತಪಾ," ಅಂದಳಂತೆ. ಲಗಮಣ್ಣ ಅವಳ ಪಕ್ಕ ನೆಲದ ಮೇಲೆ ಕುಳಿತು ಮಾತಾಡಿಸಿದ. ಕೊನೆಗೆ ತಂಗೆವ್ವನೇ ಕೇಳಿದಳು: "ಇದು ಮತ್ತ ಯಾರಿಗರ ಬೇಕಾಗೇತೇನು?" ಅವನು ಲೋಕಾಪುರದ ಹೆಂಗಸಿನ ವಿಷಯ ಹೇಳಿದ. ತಂಗೆವ್ವ ಎದ್ದು ತಾನೇ ಬಟನ್ ಒತ್ತಿದಳು. "ಒಯ್ಯಪಾ. ಆಕಿ ಉಸಿರಾಡ್ಲಿ."

ಫೋನ್ ಇಟ್ಟ ವೈಶಾಲಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನಾನು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಈ ಮೇಲ್ ಕಳಿಸೂ ಪ್ರಸಂಗ ಯಾರ ಮನ್ಯಾಗೂ ಬರಬಾರ್ದ್ರಿ. ಆದ್ರ ಬರತೈತಿ. ಬಂದ ದಿನ, ಬರಿಯಾಕ ನಾ ಇರಬೇಕು."